ಮೇಣದ ದಾರದ ಸುತ್ತು

ಆ ಮನೆಗೆ ಒಮ್ಮೆ ಬಂದುಹೋದವರು ಮನೆಯವರ ಮುಖವನ್ನು ಮರೆತರೂ ಮನೆಯನ್ನು ಮರೆಯುತ್ತಿರಲಿಲ್ಲ. ಹಾಗೆಂದ ಮಾತ್ರಕ್ಕೆ ಅದೇನೂ ಅರಮನೆಯಲ್ಲ. ಬೀದಿಯ ತಿರುವಿನಲ್ಲಿ ಒಂದು ಪಕ್ಕ ಬೀಗ ರಿಪೇರಿಯ ಅಂಗಡಿ, ಇನ್ನೊಂದು ಪಕ್ಕ ಇಸ್ತ್ರಿ ಅಂಗಡಿ, ಅವೆರಡರ ನಡುವೆ ತುಂಬಿದ ಬಸ್ಸಿನಲ್ಲಿ ನಿಂತ ಬಡಕಲು ಪ್ರಯಾಣಿಕನಂತೆ ಹೆಗಲು ಕುಗ್ಗಿಸಿಕೊಂಡ ಎರಡಂತಸ್ತಿನ ಕಟ್ಟಡ. ಹೊರಗಿನಿಂದ ನೋಡಿದವರು ತಿರುಗಿ ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಒಳಗೆ ಕಾಲಿಟ್ಟರೆ ಮಾತೇ ಬೇರೆ. ಬಾಗಿಲು ದಾಟಿದೊಡನೆ ಎಡಗಡೆ, ಮೊಣಕೈ ಎತ್ತರಕ್ಕೆ, ಅಂಚಿಗೆ ಸಣ್ಣ ತಡೆಪಟ್ಟಿ ಬಡಿದ ಗೇಣುದ್ದದ ಹಲಗೆ; ಕತ್ತಲಲ್ಲಿ ಬಂದರೂ ಬೀಗದಕೈ ಹಿಡಿದ ಕೈ ತಾನಾಗಿ ಹೋಗಿ ಅಲ್ಲಿ ಇಳಿಯುತ್ತಿತ್ತು. ಕೈ ತೊಳೆಯುವ ಬೇಸಿನ್ನಿನ ಬಳಿಯ ಕನ್ನಡಿ ಮಗುವಿನ ಮುಖದ ಎತ್ತರಕ್ಕಿತ್ತು. ಅದನ್ನು ಯಾರಿಗಾಗಿ ಹಾಕಿತ್ತೋ ಆ ಮಗಳು ಬೆಳೆದು ಮದುವೆಯಾಗಿ ಹೋಗಿದ್ದರೂ ಕನ್ನಡಿ ಮೇಲೇರಿರಲಿಲ್ಲ. "ಈ ಮನೇಲಿ ತಲೆ ಬಾಚಬೇಕಂದ್ರೆ ಮೊದಲು ತಲೆ ಬಗ್ಗಿಸಬೇಕು" ಎಂದು ಪಕ್ಕದ ಬೀಗದವನು ಬಂದಾಗಲೆಲ್ಲ ಹೇಳಿ ನಗುತ್ತಿದ್ದ. ಬೀದಿಯ ಕಡೆಯ ಕಿಟಕಿಯ ಗಾಜಿಗೆ ದಪ್ಪ ಕಾಗದ ಅಂಟಿಸಿ, ಅಂಗೈಯಗಲದಷ್ಟು ಜಾಗವನ್ನು ಮಾತ್ರ ಬಿಟ್ಟಿತ್ತು. ಆ ಕಿಂಡಿಯಿಂದ ಇಳಿದ ಅಂಗೈಯಗಲದ ಬಿಸಿಲು ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ಮೆಲ್ಲಗೆ ನಡೆಯುತ್ತಿತ್ತು.

ಇವನ್ನೆಲ್ಲ ಮಾಡಿದವಳು ಆ ಮನೆಯ ದೊಡ್ಡ ಸೊಸೆ. ಹೊಗಳಿಕೆ ಬೇಡುವುದು ಅವಳ ಜಾಯಮಾನವಲ್ಲ. ಆದರೆ ಹೊಗಳದೆ ಹೋದವರನ್ನು ಅವಳು ಮರೆತದ್ದೂ ಇಲ್ಲ. ಯಾವುದನ್ನು ಏಕೆ ಮಾಡಿದೆನೆಂದು ತಾನಾಗಿ ವಿವರಿಸುತ್ತಿರಲಿಲ್ಲ. ಕೇಳಿದವರಿಗೆ ಹೇಳಿಯಾಳು, ಕೇಳದವರಿಗೆ ಏಕೆ ಹೇಳಬೇಕು ಎನ್ನುವ ಬಿಗುಮಾನ. ಕೇಳಿದವರು ಕಡಿಮೆ.

ಕೇಳದೆಯೇ ಅರಿತವರು ಒಬ್ಬರಿದ್ದರು. ಅವರು ಅವಳ ಮಾವ. ಆಯುಷ್ಯವೆಲ್ಲ ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕಿದ ಅವರನ್ನು ಬೀದಿಯೆಲ್ಲ ರಟ್ಟಜ್ಜ ಎಂದೇ ಕರೆಯುತ್ತಿತ್ತು. ಅವರ ಕಣ್ಣು ಹೋದದ್ದು ದೀಪ ಆರಿದಂತಲ್ಲ, ಸಂಜೆಯಾದಂತೆ: ಮೊದಲು ಸೂಜಿಯ ಕಣ್ಣು ಕಾಣದಾಯಿತು, ಆಮೇಲೆ ಅಕ್ಷರ, ಆಮೇಲೆ ಮಕ್ಕಳ ಮುಖ. ಆದರೂ ಮಹಡಿಯ ಮೇಲಿನ ತಮ್ಮ ಕೆಲಸದ ಕೋಣೆಯನ್ನು ಅವರು ಬಿಡಲಿಲ್ಲ. ದಿನವೂ ಮೆಟ್ಟಿಲು ಹತ್ತಿ ಹೋಗಿ, ಅಂಟಿನ ವಾಸನೆಯ ನಡುವೆ ಕುಳಿತು, ಬೆರಳಿನ ಲೆಕ್ಕದಲ್ಲೇ ನೋಟುಬುಕ್ಕುಗಳನ್ನು ಹೊಲಿಯುವರು. ಕಿಟಕಿಯ ಅಂಗೈಯಗಲದ ಬಿಸಿಲೂ ಅವರಿಗಾಗಿಯೇ ಆಗಿತ್ತು. ಕೆಳಗಿನ ಕುರ್ಚಿಯಲ್ಲಿ ಕುಳಿತಾಗ ಅದು ಪಾದಕ್ಕೆ ಮುಟ್ಟಿದರೆ ಊಟದ ಹೊತ್ತು, ಮೊಣಕಾಲಿಗೆ ಏರಿದರೆ ಚಹಾದ ಹೊತ್ತು. "ಬಿಸಿಲು ಮೊಣಕಾಲಿಗೆ ಬಂತು ಕಣಮ್ಮ, ನೀನಿನ್ನೂ ಬರಲಿಲ್ಲ" ಎಂದು ಅವರು ಕೂಗಿದರೆ ಅವಳಿಗೆ ಬೇರೆ ಗಡಿಯಾರ ಬೇಕಿರಲಿಲ್ಲ.

ಮೆಟ್ಟಿಲಿನ ಕಥೆ ಬೇರೆ. ಮನೆ ಕಟ್ಟುವಾಗ ಬಡಗಿ ಅಳತೆ ತಪ್ಪಿ, ಮರದ ರೇಲಿಂಗು ನೆಲದವರೆಗೆ ಬಾರದೆ ಒಂದು ಮೆಟ್ಟಿಲು ಮೊದಲೇ ಮುಗಿದುಹೋಗಿತ್ತು. ಕಣ್ಣಿದ್ದವರಿಗೆ ಅದೊಂದು ಲೆಕ್ಕವಲ್ಲ. ಕಣ್ಣಿಲ್ಲದ ಮಾವ ಮಾತ್ರ, ರೇಲಿಂಗು ಮುಗಿದದ್ದೇ ನೆಲ ಬಂತೆಂದು ನಂಬಿ, ಉಳಿದ ಮೆಟ್ಟಿಲಿನ ಮೇಲೆ ಮುಗ್ಗರಿಸುವರು. ಎರಡು ಸಲ ಮುಗ್ಗರಿಸಿದ್ದನ್ನು ನೋಡಿದ ದೊಡ್ಡ ಸೊಸೆ, ಮಾವನ ಕೋಣೆಯಿಂದಲೇ ಮೇಣ ಹಚ್ಚಿದ ಹೊಲಿಗೆಯ ದಾರವನ್ನು ತಂದು, ರೇಲಿಂಗಿನ ಕೆಳತುದಿಗೆ ನಾಲ್ಕು ಬೆರಳಗಲ ಬಿಗಿಯಾಗಿ ಸುತ್ತಿದಳು. ಮಾವನಿಗೆ ಏನೂ ಹೇಳಲಿಲ್ಲ. ಮರುದಿನ ಅವರು ಇಳಿದು ಬಂದು, ದಾರದ ಮೇಲೆ ಕೈಯಿಟ್ಟು ಅರೆಗಳಿಗೆ ನಿಂತು, ಒಂದು ಮೆಟ್ಟಿಲು ಎಣಿಸಿ ಇಳಿದು, ರೇಲಿಂಗು ಬಿಟ್ಟು ನೆಲದ ಮೇಲೆ ಯುವಕನ ಹಾಗೆ ಹೆಜ್ಜೆ ಹಾಕಿದರು. ನೀರು ಕೇಳಿ ಕುಡಿದು ಲೋಟ ಹಿಂದಿರುಗಿಸುವಾಗ ಹೇಳಿದರು:

"ದಾರದ ತುದಿ ಎಲ್ಲಿ ಅಡಗಿಸಿದ್ದೀಯ ಅಂತ ಬೆರಳಿಗೇ ಸಿಗಲಿಲ್ಲವಲ್ಲಮ್ಮ. ನನ್ನ ಕೈಕೆಳಗೆ ಕಲಿತವರು ಯಾರೂ ಹೀಗೆ ಸುತ್ತಲಿಲ್ಲ."

ಆ ಮಾತನ್ನು ಅವಳು ಒಡವೆಯ ಹಾಗೆ ಒಳಗೆ ಎತ್ತಿಟ್ಟುಕೊಂಡಳು. ಅಂದಿನಿಂದ ದಾರ ಸಿಕ್ಕಿತೆಂದರೆ ಇನ್ನೊಂದೇ ಮೆಟ್ಟಿಲು, ಆಮೇಲೆ ನೆಲ. ಇದು ಅವರಿಬ್ಬರ ನಡುವಿನ ಒಪ್ಪಂದ, ಮೂರನೆಯವರಿಗೆ ಗೊತ್ತಿರಲಿಲ್ಲ. ಮೆಟ್ಟಿಲನ್ನು ಎಣಿಸಿ ಇಳಿಯಿರೆಂದು ಕಿರಿಯ ಮಗ ಒಮ್ಮೆ ಹೇಳಿದಾಗ ಮುದುಕರು, "ಎಣಿಸೋದು ಕುರುಡರ ಕೆಲಸ ಕಣೋ, ನನಗೇನಾಗಿದೆ?" ಎಂದುಬಿಟ್ಟಿದ್ದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅತ್ತೆ ಇಲ್ಲದ ಆ ಮನೆಯಲ್ಲಿ ದೊಡ್ಡ ಸೊಸೆಗೊಂದು ಕಾಲವಿತ್ತು, ಅದು ಕಿರಿಯ ಸೊಸೆ ಬಂದ ಮೇಲೆ ಮೆಲ್ಲಗೆ ತೀರಿತು. ಕಿರಿಯವಳು ಕೆಟ್ಟವಳೇನಲ್ಲ. ಅವಳಿಗೂ ತನ್ನ ಕೈಯ ಗುರುತೊಂದು ಗೋಡೆಯ ಮೇಲಿರಲೆಂಬ ಆಸೆ. ತವರಿನಿಂದ ತಂದ ನಿಲುವುಗನ್ನಡಿಯನ್ನು ಆಕೆ ಎಲ್ಲಿ ನಿಲ್ಲಿಸಿದರೂ ಅದು ಅಲ್ಲಿಗೆ ಸಲ್ಲದೆ, ಕೊನೆಗೆ ಬೀರುವಿನ ಹಿಂದೆ ಮುಖ ತಿರುಗಿಸಿಕೊಂಡು ನಿಂತಿತು.

"ಈ ಮನೇಲಿ ಒಂದು ಮೊಳೆ ಹೊಡೀಬೇಕಂದ್ರೂ ನಿಮ್ಮ ಮೊಳೆ ಇಲ್ಲದ ಗೋಡೆ ಹುಡುಕಬೇಕು ಅಕ್ಕ" ಎಂದು ಆಕೆ ಒಂದು ದಿನ ಅಂದಳು.

"ಹೊಡಿ, ಬೇಡ ಅಂದೋರು ಯಾರು? ನೆಟ್ಟಗೆ ಹೊಡಿ ಅಷ್ಟೆ."

"ನೋಡಿದ್ರಾ, ಹೊಡೆಯೋದಕ್ಕೂ ಮುಂಚೆ ಸೊಟ್ಟ ಅಂತ ತೀರ್ಮಾನ!"

ಹೀಗೆ ಮೊಳೆಯಿಂದ ಹೊರಟ ಮಾತು ಅಡುಗೆಮನೆಗೆ ಬಂತು, ಅಡುಗೆಮನೆಯಿಂದ ಗಂಡಂದಿರ ಕಿವಿಗೆ ಹೋಯಿತು. ದೊಡ್ಡ ಸೊಸೆಯ ಗಂಡ ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಹಗಲೆಲ್ಲ ಕಂಡವರ ತಪ್ಪು ತಿದ್ದಿ, ಮನೆಗೆ ಬಂದ ಮೇಲೆ ಯಾರ ತಪ್ಪನ್ನೂ ಎತ್ತಿ ಹೇಳಲಾರದಷ್ಟು ದಣಿಯುತ್ತಿದ್ದ. ಬೇರೆಯಾಗುವುದೆಂದು ತೀರ್ಮಾನವಾದಾಗಲೂ ಅವನು, "ಆಗಲಿ" ಎಂದ. ಮನೆ ಕಿರಿಯವನಿಗೆ ಉಳಿಯಿತು. ದೊಡ್ಡವನು ಊರಿನ ಇನ್ನೊಂದು ತುದಿಯ ಬಹುಮಹಡಿ ಕಟ್ಟಡದಲ್ಲಿ ಒಂದು ಫ್ಲ್ಯಾಟು ಹಿಡಿದ.

ಮಾವ ತನ್ನೊಡನೆ ಬರುವರೆಂದೇ ಅವಳು ತಿಳಿದಿದ್ದಳು. ಅವರ ಬಟ್ಟೆಗಳನ್ನೂ ಮಡಿಸಿ ಇಟ್ಟಾಗಿತ್ತು.

"ನನ್ನ ಕಾಲಿಗೆ ಈ ಮನೆ ಗೊತ್ತಮ್ಮ" ಎಂದರು ಅವರು. "ಹೊಸ ಜಾಗಕ್ಕೆ ಬಂದ್ರೆ ಎರಡನೇ ಸಲ ಕುರುಡಾಗ್ತೀನಿ. ಒಂದು ಸಲ ಆಗಿದ್ದು ಸಾಲದಾ?"

ಅವರ ಕಾಲಿಗೆ ಆ ಮನೆಯನ್ನು ಕಲಿಸಿದವಳು ತಾನು. ತಾನು ಕಲಿಸಿದ್ದೇ ಅವರನ್ನು ತನ್ನಿಂದ ಕಿತ್ತು ಅಲ್ಲಿ ಕಟ್ಟಿಹಾಕಿತ್ತು. ಮಡಿಸಿದ ಬಟ್ಟೆಗಳನ್ನು ಅವಳು ಮತ್ತೆ ಅವರ ಕಪಾಟಿನಲ್ಲಿಟ್ಟು, ಹೊಸಿಲು ದಾಟುವಾಗ ಎಡಗಡೆಯ ಹಲಗೆಯ ಮೇಲೆ ತನ್ನ ಬೀಗದಕೈಯನ್ನು ಇಟ್ಟು ಹೊರಟಳು.

ಕೆಲವು ವರ್ಷ ಕಳೆದವು. ಮೈದುನನ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿ, ಮನೆಯನ್ನು ಹೊಸದಾಗಿಸುವ ಉಮೇದು ಬಂತು. ಒಳಾಂಗಣ ವಿನ್ಯಾಸ ಮಾಡುವ ಒಬ್ಬ ಹೆಂಗಸು ಮನೆ ನೋಡಲು ಬಂದು, ಒಳಗೆ ಕಾಲಿಟ್ಟ ಗಳಿಗೆಯಲ್ಲೇ ಕೈಚೀಲವನ್ನು ಎಡಗಡೆಯ ಹಲಗೆಯ ಮೇಲಿಟ್ಟು, ಇಟ್ಟದ್ದನ್ನು ತಾನೇ ಗಮನಿಸಿ ಬೆರಗಾದಳಂತೆ. ಇಂಥ ಮನೆ ಕೆಡವಬಾರದು, ಇದ್ದದ್ದನ್ನೇ ಎತ್ತಿ ತೋರಿಸಬೇಕು, ಮನೆ ನೆನಪಿನಲ್ಲಿ ಉಳಿಯುವುದು ಸೋಫಾದಿಂದಲ್ಲ, ಇಂಥ ಸಣ್ಣ ಸಣ್ಣ ಕುಸುರಿಯಿಂದ ಎಂದಳಂತೆ. ಇದನ್ನೆಲ್ಲ ವಾರಗಿತ್ತಿಯೇ ಫೋನಿನಲ್ಲಿ ಹೇಳಿ, ಕೊನೆಗೆ ವಿಷಯಕ್ಕೆ ಬಂದಳು:

"ಕೆಲಸ ಮುಗಿಯೋ ತನಕ ಮಾವನ್ನ ನಿಮ್ಮಲ್ಲಿ ಇಟ್ಕೊಳ್ತೀರಾ ಅಕ್ಕ? ಧೂಳು, ಗಲಾಟೆ, ಪಾಪ ಅವರಿಗೆ ಆಗಲ್ಲ."

ಹೀಗೆ ಮಾವ ಅವಳ ಫ್ಲ್ಯಾಟಿಗೆ ಬಂದರು. ಮೊದಲ ಕೆಲವು ದಿನ ಅವರು ಹೇಳಿದಂತೆಯೇ ಎರಡನೆಯ ಸಲ ಕುರುಡಾದರು. ಮೇಜಿಗೆ ತೊಡೆ, ಬಾಗಿಲಿಗೆ ಹಣೆ, ನಲ್ಲಿಗೆ ಕೈ. ಅವಳು ಸುಮ್ಮನಿರಲಿಲ್ಲ. ಸ್ನಾನದ ಮನೆಯ ಸ್ವಿಚ್ಚಿಗೆ ಹಳೆಯ ಕೋಟಿನ ಗುಂಡಿಯೊಂದನ್ನು ಅಂಟಿಸಿದಳು. ಅಡುಗೆಮನೆಯ ಹೊಸಿಲಿಗೆ ಗೋಣಿಯ ಪಟ್ಟಿ ಹಾಸಿದಳು. ಮಂಚದಿಂದ ಬಾಲ್ಕನಿಯವರೆಗೆ ಗೋಡೆಯುದ್ದಕ್ಕೂ ಸಣ್ಣ ಮರದ ಪಟ್ಟಿ ಬಡಿಸಿ, ಬಾಗಿಲು ಬರುವ ಕಡೆ ಅದಕ್ಕೊಂದು ಕಚ್ಚು ಹಾಕಿಸಿದಳು. ಬೆರಳು ಪಟ್ಟಿಯ ಮೇಲೆ ಜಾರುತ್ತ ಹೋಗಿ ಕಚ್ಚಿಗೆ ಸಿಕ್ಕಿದರೆ ಅಲ್ಲಿ ತಿರುಗಬೇಕು. ಒಂದು ಮಧ್ಯಾಹ್ನ ಅವಳು ಒಗೆದ ಬಟ್ಟೆ ಒಣಹಾಕುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಇಲ್ಲೂ ಬಿಸಿಲು ಬರುತ್ತೆ ಕಣಮ್ಮ."

ಮಾವ ಒಬ್ಬರೇ ಬಂದು ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದರು. ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೆಯೇ ಉಳಿಯಿತು.

"ಇಲ್ಲೇ ಇದ್ಬಿಡಿ ಮಾವ" ಎಂದಳು. ಜೀವಮಾನದಲ್ಲಿ ಅವಳು ಯಾರನ್ನಾದರೂ ಏನನ್ನಾದರೂ ಕೇಳಿದ್ದು ಅದೊಂದೇ ಇರಬೇಕು.

ಮುದುಕರು ಬಿಸಿಲಿನ ಕಡೆಗೆ ಮುಖ ಮಾಡಿದರು. "ಅಲ್ಲಿ ಕೆಲಸ ಮುಗೀಲಿ. ಒಂದು ಸಲ ಹೋಗಿ ಮುಟ್ಟಿ ನೋಡ್ತೀನಿ. ನನ್ನ ಮನೆ ನನ್ನ ಮನೆಯಾಗೇ ಇದ್ರೆ ಅಲ್ಲಿ. ಇಲ್ಲ ಅಂದ್ರೆ ಮರುಮಾತಿಲ್ಲದೆ ನಿನ್ನ ಹಿಂದೆ ಬಂದ್ಬಿಡ್ತೀನಿ. ಆಯ್ತಾ?"

"ಆಯ್ತು" ಎಂದಳು ಅವಳು. ಆ ಮನೆ ಬದಲಾಗಿರಲಿ ಎಂದು ಅಂದಿನಿಂದ ಅವಳ ಮನಸ್ಸು ಹಾರೈಸತೊಡಗಿತು. ತಾನು ಕಟ್ಟಿದ ಮನೆ ಹಾಳಾಗಲೆಂದು ತಾನೇ ಬೇಡುವ ಹೆಂಗಸು ಲೋಕದಲ್ಲಿ ಇನ್ನೊಬ್ಬಳಿರಲಾರಳು.

ಮನೆ ಸಿದ್ಧವಾದ ದಿನ ಮೈದುನ ನಂಟರನ್ನೂ ನೆರೆಯವರನ್ನೂ ಕರೆದಿದ್ದ. ಗೃಹಾಲಂಕಾರದ ಪತ್ರಿಕೆಯೊಂದರಿಂದ ಛಾಯಾಗ್ರಾಹಕನೂ ಬಂದಿದ್ದ. ಬಾಗಿಲಲ್ಲೇ ವಾರಗಿತ್ತಿ ಎದುರಾಗಿ, "ಬನ್ನಿ ಅಕ್ಕ, ಬನ್ನಿ ಭಾವ, ಮಾವ ಬಂದ್ರಲ್ಲ, ಮನೆಗೆ ಕಳೆ ಬಂತು" ಎಂದು ಸಡಗರಪಟ್ಟಳು. ಮಾವ ಹೊಸಿಲು ದಾಟಿ ಎಡಗೈ ಚಾಚಿದರು. ಹಲಗೆ ಅಲ್ಲೇ ಇತ್ತು. ಅವರ ಮುಖ ಅರಳಿದ್ದನ್ನು ಕಂಡ ದೊಡ್ಡ ಸೊಸೆ ಕಣ್ಣನ್ನು ಬೇರೆ ಕಡೆ ತಿರುಗಿಸಿದಳು. ಅವರು ಎರಡು ಹೆಜ್ಜೆ ಇಡುವುದರೊಳಗೆ ಮೈದುನನೂ ಛಾಯಾಗ್ರಾಹಕನೂ ಒಂದೊಂದು ರಟ್ಟೆ ಹಿಡಿದು, "ಮೇಲೆ ನಿಮ್ಮ ಕೋಣೇಲಿ ಬೆಳಕು ಚೆನ್ನಾಗಿದೆ, ಮೊದಲು ಒಂದು ಫೋಟೋ" ಎಂದು ಅವರನ್ನು ಮಹಡಿಗೆ ನಡೆಸಿಕೊಂಡು ಹೋದರು. "ಹೆಣ ಹೊತ್ತ ಹಾಗೆ ಹೊರ್ತೀರಲ್ರೋ, ನನಗೂ ಕಾಲಿದೆ" ಎಂದು ಮುದುಕರು ಗೊಣಗಿದ್ದು ಕೆಳಗಿನವರಿಗೆಲ್ಲ ಕೇಳಿ ನಗೆಯೆದ್ದಿತು.

ಅವಳು ಒಬ್ಬಳೇ ನಿಂತು ಸುತ್ತ ಕಣ್ಣಾಡಿಸಿದಳು. ಏನನ್ನೂ ಕಿತ್ತಿರಲಿಲ್ಲ, ಅದೇ ಆಶ್ಚರ್ಯ. ಇದ್ದದ್ದನ್ನೆಲ್ಲ ಹೆಚ್ಚಿಸಿದ್ದರು. ಬೇಸಿನ್ನಿನ ಬಳಿ ಒಂದು ತಗ್ಗಿನ ಕನ್ನಡಿಯ ಜಾಗದಲ್ಲಿ ತಗ್ಗಿನ ಕನ್ನಡಿಗಳ ಸಾಲು, ಅದರ ಮುಂದೆ ಬೀಗದವನು ಒಂದೊಂದಕ್ಕೂ ಬಗ್ಗಿ, "ಮೊದಲು ಒಂದು ನಮಸ್ಕಾರ ಸಾಕಿತ್ತು, ಈಗ ಸೊಂಟಕ್ಕೆ ಎಣ್ಣೆ ಹಚ್ಕೊಂಡು ಬರಬೇಕು" ಎನ್ನುತ್ತಿದ್ದ. ಕಿಟಕಿಯ ಕಾಗದದಲ್ಲಿ ಅಂಗೈಯಗಲದ ಕಿಂಡಿಗಳು ಗಾಜಿನ ತುಂಬ; ನೆಲದ ಮೇಲೆ ಬಿಸಿಲಿನ ಚುಕ್ಕಿಗಳ ರಂಗೋ ರಂಗು. ಚೆಂದವೇನೋ ಚೆಂದ. ಆದರೆ ಆ ಬಿಸಿಲಿನಲ್ಲಿ ಯಾವುದು ಊಟದ ಹೊತ್ತು, ಯಾವುದು ಚಹಾದ ಹೊತ್ತು ಎಂದು ಇನ್ನು ಯಾವ ಪಾದಕ್ಕೂ ತಿಳಿಯದು.

ಅವಳ ಕಣ್ಣು ಮೆಟ್ಟಿಲಿನ ಕಡೆ ಹೊರಳಿತು.

ಮೆಟ್ಟಿಲಿನ ಮೇಲರ್ಧ ಎಂದಿನಂತೆ ನೆರಳಿನಲ್ಲಿತ್ತು. ಕೆಳಗೆ ಕುಳಿತವರಿಗೆ ಕಾಣುವ ಅರ್ಧದುದ್ದಕ್ಕೂ, ರೇಲಿಂಗಿನ ಮೇಲೆ, ಸಮ ಅಂತರದಲ್ಲಿ, ಮೇಣದ ದಾರದ ಐದು ಸುತ್ತುಗಳು. ಎಲ್ಲಕ್ಕಿಂತ ಕೆಳಗಿನದು ಅವಳದೇ. ಉಳಿದವನ್ನು ಯಾರೋ ನುರಿತ ಕೆಲಸಗಾರ, ಮಾವನ ಕೋಣೆಯಲ್ಲಿದ್ದ ಉಂಡೆಯಿಂದಲೇ ದಾರ ಬಿಚ್ಚಿ, ತುದಿ ಕಾಣದಂತೆ, ಅದೇ ಬಿಗಿಯಲ್ಲಿ, ಅದೇ ನಾಲ್ಕು ಬೆರಳಗಲಕ್ಕೆ ಸುತ್ತಿದ್ದ. ಅಕ್ಕಪಕ್ಕ ಇಟ್ಟರೆ ಅವಳಿಗೂ ಗುರುತು ಹತ್ತುವಂತಿರಲಿಲ್ಲ.

ಅವಳಿಗೆ ಮೊದಲು ಬಂದದ್ದು ಕೋಪ. ಅದರ ಹಿಂದೆಯೇ ಬಂದದ್ದು ಭಯ: ಮಾವ ಇಳಿದು ಬರುವಾಗ ಕೈಗೆ ಸಿಗುವ ಮೊದಲ ಸುತ್ತು ಮೆಟ್ಟಿಲಿನ ನಟ್ಟನಡುವಿನದು. ಅದು ಸಿಕ್ಕರೆ ಅವರು ಇನ್ನೊಂದೇ ಮೆಟ್ಟಿಲು ಎಂದುಕೊಂಡಾರು. ಆದರೆ ಮೂರನೆಯ ಯೋಚನೆಯೊಂದು ಬಂದು ಎರಡನೆಯದರ ಮೇಲೆ ಕುಳಿತುಬಿಟ್ಟಿತು. ಮುಟ್ಟಿ ನೋಡ್ತೀನಿ ಎಂದಿದ್ದಾರಲ್ಲ, ಮುಟ್ಟಲಿ. ಒಂದಿಷ್ಟು ತಡವರಿಸಲಿ, ಈ ಮನೆ ತನ್ನದಲ್ಲ ಎಂದು ಬೆರಳಿಗೇ ತಿಳಿಯಲಿ. ಇಳಿಸುವಾಗಲೂ ಇಬ್ಬರು ಹಿಡಿದೇ ಹಿಡಿಯುತ್ತಾರೆ, ಬಿದ್ದುಹೋಗುವ ಮಾತೆಲ್ಲಿ?

"ಹೇಗಿದೆ?" ಪಕ್ಕದಲ್ಲಿ ವಿನ್ಯಾಸಗಾರ್ತಿ ಬಂದು ನಿಂತಿದ್ದಳು. ಚೂಪುಗಣ್ಣಿನ, ಮಾತಿನಲ್ಲಿ ಠೇಂಕಾರವಿಲ್ಲದ ಹೆಂಗಸು.

"ಮೂಗಿಗಿಂತ ಮೂಗುತಿ ಭಾರ" ಎಂದಳು ದೊಡ್ಡ ಸೊಸೆ.

ಸುತ್ತಲಿದ್ದವರು ನಕ್ಕರು. ವಿನ್ಯಾಸಗಾರ್ತಿಯೂ ನಕ್ಕಳು. "ಒಂದಿದ್ರೆ ಅದು ತೇಪೆ ಥರ ಕಾಣುತ್ತೆ, ಐದಿದ್ರೆ ವಿನ್ಯಾಸ. ನಮ್ಮ ಕಸುಬಿನ ಮಾತು ಇದು."

"ನಮ್ಮಕ್ಕನಿಗೆ ಅವರು ಮಾಡಿದ್ದು ಬಿಟ್ರೆ ಬ್ರಹ್ಮ ಮಾಡಿದ್ದೂ ಸೊಟ್ಟವೇ" ಎಂದಳು ವಾರಗಿತ್ತಿ, ಚಹಾದ ತಟ್ಟೆ ಹಿಡಿದು ಹಾದುಹೋಗುತ್ತ.

ವಿನ್ಯಾಸಗಾರ್ತಿ ಮಾತ್ರ ನಗು ನಿಲ್ಲಿಸಿ ರೇಲಿಂಗನ್ನು ಸವರಿದಳು. "ಈ ದಾರ ಯಾತಕ್ಕೆ ಅಂತ ಕೆಲಸ ಶುರು ಮಾಡೋ ಮುಂಚೆ ಎಲ್ಲರನ್ನೂ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ನಿಮಗೇನಾದ್ರೂ ಗೊತ್ತಾ?"

"ಅಯ್ಯೋ, ಅದೇನು ದೊಡ್ಡ ರಹಸ್ಯ ಅಲ್ಲ" ವಾರಗಿತ್ತಿ ಅಲ್ಲಿಂದಲೇ ಹೇಳಿದಳು. "ಮಾವನಿಗೆ ಸಿಕ್ಕಿದ್ದಕ್ಕೆಲ್ಲ ದಾರ ಸುತ್ತೋ ಚಟ. ನಮ್ಮನೇಲಿ ಮೊದಲಿಂದ ಹಾಗೇ."

ಮೊದಲಿಂದ ಹಾಗೇ. ಹಲಗೆ ತಾನಾಗಿ ಗೋಡೆಯಿಂದ ಚಿಗುರಿತ್ತು, ಕನ್ನಡಿ ತಾನಾಗಿ ಬಗ್ಗಿತ್ತು, ಕಿಟಕಿ ತಾನಾಗಿ ಕಣ್ಣು ಕಿರಿದು ಮಾಡಿಕೊಂಡಿತ್ತು. ಕೇಳಿದವರಿಗೆ ಹೇಳುವೆನೆಂದು ಆಯುಷ್ಯವಿಡೀ ಕಾದವಳನ್ನು ಕೊನೆಗೂ ಒಬ್ಬಳು ಕೇಳಿದ್ದಳು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅರ್ಧ ನಿಮಿಷದ ಮಾತು. ಆದರೆ ಈಗ ತಾನೇ ಹೇಳಿಕೊಂಡರೆ ಅದು ಇನ್ನೊಂದು ನಗೆಗೆ ದಾರಿ. ಹೇಳಬೇಕಾದ ಬಾಯಿ ಬೇರೆಯಿದೆ, ಈ ಜನರೆಲ್ಲರ ಎದುರಿಗೆ ಅದು ಹೇಳಲಿ.

"ಮೊದಲಿಂದ ಇರೋರನ್ನೇ ಕೇಳಿ" ಎಂದಳು ಅವಳು. "ಮೇಲೇ ಇದ್ದಾರಲ್ಲ."

ಅಷ್ಟರಲ್ಲಿ ಮಹಡಿಯ ಮೇಲೆ ಮಾವನ ದನಿ ಏರಿತು. "ಬಿಡ್ರೋ ಕೈ! ಹತ್ತೋವಾಗ ಹೊತ್ತಿರಿ ಅಂತ ಇಳಿಯೋವಾಗಲೂ ಹೊರಬೇಕಾ? ನಾನು ಕಟ್ಟಿಸಿದ ಮೆಟ್ಟಿಲು ನನ್ನನ್ನ ಬೀಳಿಸುತ್ತಾ?" ಮೈದುನ ಏನೋ ಹೇಳಿದ. ಛಾಯಾಗ್ರಾಹಕ, "ಒಬ್ಬರೇ ಇಳೀಲಿ ಬಿಡಿ, ಫೋಟೋ ಚೆನ್ನಾಗಿ ಬರುತ್ತೆ" ಎಂದ. ನೆರಳಿನೊಳಗಿಂದ ಮೊದಲು ಮುದುಕರ ಕಾಲು, ಆಮೇಲೆ ರೇಲಿಂಗಿನ ಮೇಲೆ ಜಾರಿ ಬರುವ ಕೈ, ಆಮೇಲೆ ಜನರ ಸದ್ದಿನ ಕಡೆ ನಗುವ ಮುಖ ಬೆಳಕಿಗೆ ಬಂತು.

"ಅಜ್ಜ" ವಿನ್ಯಾಸಗಾರ್ತಿ ಕೂಗಿ ಕೇಳಿದಳು, "ಈ ದಾರ ಸುತ್ತಿದ್ದು ಯಾರು?"

ಅದೇ ಗಳಿಗೆಗೆ ಅವರ ಕೈ ಮೊದಲನೆಯ ಸುತ್ತಿಗೆ ಬಂದು ನಿಂತಿತು. ಬೆರಳುಗಳು ದಾರದ ಮೇಲೆ ಹಳೆಯ ನಂಟನನ್ನು ಕಂಡಂತೆ ಆಡಿದವು. ಮಾತು ನಿಂತು ಕೋಣೆಯೆಲ್ಲ ಮೇಲೆ ನೋಡಿತು.

"ಇದಾ?" ಎಂದರು ರಟ್ಟಜ್ಜ. "ಇದು ನನ್ನ ದೊಡ್ಡ ಸೊಸೆ ಸುತ್ತಿದ್ದು. ಈ ಮನೇಲಿ ಕೈಗೆ ಹಿತವಾಗಿರೋದೆಲ್ಲ ಅವಳದೇ. ಇದನ್ನ ನಂಬಿ ಕಣ್ಣು ಮುಚ್ಚಿ ಹೆಜ್ಜೆ ಇಡಬಹುದು. ನೋಡಿ, ನಾನು ಇಡ್ತೀನಲ್ಲ?"

ತಮ್ಮ ಮಾತಿಗೆ ತಾವೇ ನಕ್ಕು ಅವರು ಒಂದು ಮೆಟ್ಟಿಲು ಇಳಿದರು.

ಅವಳು ಆಗಲಾದರೂ ಕೂಗಬಹುದಿತ್ತು. ಆದರೆ ಬದುಕಿನಲ್ಲಿ ಮೊದಲ ಸಲ ಹತ್ತು ಜನರೆದುರು ಆಡಿದ ಆ ಮಾತು ಇನ್ನೂ ಗಾಳಿಯಲ್ಲಿತ್ತು, ವಾರಗಿತ್ತಿ ತಟ್ಟೆ ಹಿಡಿದು ನಿಂತುಬಿಟ್ಟಿದ್ದಳು, ಜನ ಅವಳ ಕಡೆಗೆ ತಿರುಗುತ್ತಿದ್ದರು. ಆ ಒಂದು ಉಸಿರಿನಷ್ಟು ಹೊತ್ತು ಅವಳು ತಡೆದಳು. "ಮಾವ" ಎಂಬ ಕೂಗು ಹೊರಟಾಗ ಅವರು ರೇಲಿಂಗು ಬಿಟ್ಟು, ನೆಲವೆಂದು ತಿಳಿದ ಜಾಗಕ್ಕೆ, ಯುವಕನ ಹಾಗೆ ಕಾಲು ಚಾಚಿದ್ದರು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅದನ್ನು ಕೂಡಿಸಿದರು. ಕೂಡಿಸಿದ ವೈದ್ಯರು, ಈ ವಯಸ್ಸಿನಲ್ಲಿ ಮತ್ತೆ ನಡೆಯುವುದನ್ನು ನೆಚ್ಚಿಕೊಳ್ಳಬೇಡಿ ಎಂದರು. ಆಸ್ಪತ್ರೆಯ ಓಣಿಯ ಬೆಂಚಿನ ಮೇಲೆ ಮೈದುನ ತಲೆ ಹಿಡಿದುಕೊಂಡು ಕುಳಿತಿದ್ದವನು ಅವಳನ್ನು ಕಂಡು ತಲೆಯೆತ್ತಿದ.

"ಅತ್ತಿಗೆ, ಆ ದಾರ ಮೊದಲು ಸುತ್ತಿದ್ದು ನೀವೇ ಅಲ್ವಾ? ನುಣ್ಣಗಿರೋ ರೇಲಿಂಗಿಗೆ ಅದೆಲ್ಲ ಯಾಕೆ ಬೇಕಿತ್ತು ಹೇಳಿ. ಕೈಗೆ ತೊಡಕಿ ಬಿದ್ದಿದ್ದಾರೆ."

"ನನಗೆ ಗೊತ್ತೇ ಇರಲಿಲ್ಲ ನೋಡಿ ನೀವು ಮಾಡಿದ್ದು ಅಂತ" ಎಂದಳು ವಾರಗಿತ್ತಿ, ಮೂಗು ಒರೆಸಿಕೊಳ್ಳುತ್ತ. "ಗೊತ್ತಿದ್ರೆ ನಾನಾದ್ರೂ ಅದನ್ನ ಇಡೋದು ಬೇಡ ಅಂತಿದ್ದೆ."

ನೋಡಲು ಬಂದ ಬೀಗದವನು ಸಾಕ್ಷಿ ಹೇಳಿದ: "ರಟ್ಟಜ್ಜನ ಬಾಯಲ್ಲೇ ಬಂತಲ್ಲ, ದೊಡ್ಡ ಸೊಸೆದು ಅಂತ. ನಾವೆಲ್ಲ ಕೇಳಿಸ್ಕೊಂಡ್ವಿ." ಇಸ್ತ್ರಿ ಅಂಗಡಿಯವಳು ಹೌದೆಂದು ತಲೆಯಾಡಿಸಿದಳು. ಮೊದಲಿನಿಂದ ಹಾಗೇ ಇದ್ದ ಮನೆಗೆ ಒಂದೇ ದಿನದಲ್ಲಿ ಒಡತಿ ಸಿಕ್ಕಿದ್ದಳು. ಹಲಗೆ, ಕನ್ನಡಿ, ಕಿಟಕಿ, ದಾರ ಎಲ್ಲವೂ ದೊಡ್ಡ ಸೊಸೆಯ ಕೈವಾಡವೆಂದು ಬೀದಿಗೆ ಬೀದಿಯೇ ಈಗ ಒಪ್ಪಿತ್ತು. ಅವರು ಬಿದ್ದ ಸಂಜೆಯೇ ಮೈದುನ ಕತ್ತರಿ ತಂದು ಐದು ಸುತ್ತುಗಳನ್ನೂ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದ. ಅವಳು ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: ಏನೂ ಅನ್ನಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ದಾರ ಯಾತಕ್ಕೆಂದು ಹೇಳಿದರೆ, ಐದು ಸುತ್ತನ್ನು ಕಂಡೂ ಏಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು.

ಮಾವನನ್ನು ಆಸ್ಪತ್ರೆಯಿಂದ ನೇರವಾಗಿ ಅವಳ ಫ್ಲ್ಯಾಟಿಗೆ ತಂದರು. ಲಿಫ್ಟಿದೆ, ಮೆಟ್ಟಿಲಿಲ್ಲ, ಅಕ್ಕನಿಗೆ ಅನುಭವವಿದೆ ಎಂದು ವಾರಗಿತ್ತಿಯೇ ಮುಂದಾಗಿ ಹೇಳಿದಳು. ಅವಳು ಬಯಸಿದಂತೆಯೇ ಆಯಿತು. ಬೀದಿಯ ಮನೆ ಇನ್ನು ಅವರದಲ್ಲ. ಮರುಮಾತಿಲ್ಲದೆ ಅವಳ ಹಿಂದೆ ಬಂದಿದ್ದರು, ನಾಲ್ಕು ಜನ ಹೊತ್ತು ತಂದ ಮಂಚದ ಮೇಲೆ. ಸ್ವಿಚ್ಚಿನ ಮೇಲಿನ ಗುಂಡಿಯನ್ನು ಮುಟ್ಟುವವರಿಲ್ಲ. ಗೋಣಿಯ ಪಟ್ಟಿಯನ್ನು ತುಳಿಯುವವರಿಲ್ಲ. ಗೋಡೆಯ ಮರದ ಪಟ್ಟಿಯ ಮೇಲೆ ಧೂಳು ಕೂತು, ಕಚ್ಚಿನಲ್ಲಿ ಜೇಡವೊಂದು ಮನೆ ಮಾಡಿತು. ಕಣ್ಣಿಗೆ ಬಿದ್ದರೂ ಅವಳು ಅದನ್ನು ಒರೆಸಲಿಲ್ಲ.

ಒಂದು ದಿನ ಗಂಡ ಗೃಹಾಲಂಕಾರದ ಪತ್ರಿಕೆಯನ್ನು ತಂದು ಅವಳ ಮುಂದಿಟ್ಟ. "ಆ ವಿನ್ಯಾಸದ ಹೆಂಗಸು ನಿನ್ನ ವಿಷಯ ಬರೆದಿದ್ದಾಳೆ. ಈ ಮನೆಯ ನೆನಪುಳಿಯುವ ಕುಸುರಿಯೆಲ್ಲ ಹಿರಿಯ ಸೊಸೆಯದು ಅಂತ. ಒಂದೂ ತಪ್ಪಿಲ್ಲದೆ ಅಚ್ಚಾಗಿದೆ." ಅವನು ಇನ್ನೇನೋ ಹೇಳಲು ಹೊರಟು, ಅವಳ ಮುಖ ನೋಡಿ, ಎಂದಿನಂತೆ ಬಿಟ್ಟ. ಅವಳು ಪತ್ರಿಕೆಯನ್ನು ತೆರೆಯಲಿಲ್ಲ. ಮಾವನ ಮಂಚದ ಒಂದು ಕಾಲು ಅಲುಗಾಡುತ್ತಿತ್ತು; ನಾಲ್ಕಾಗಿ ಮಡಿಸಿ ಅದರಡಿಗೆ ಕೊಟ್ಟಳು. ಅಳತೆ ಸರಿಹೋಯಿತು.

ಮುದುಕರಿಗೆ ನೋವು ಇಳಿದು ಮಾತು ಬಂದದ್ದು ಅದಾದ ಮೇಲೆ. ಮಧ್ಯಾಹ್ನದ ಹೊತ್ತು, ಅವಳು ಅವರಿಗೆ ನೀರು ಕುಡಿಸಿ ಬಾಯಿ ಒರೆಸುತ್ತಿದ್ದಳು.

"ಒಂದು ಮಾತು ಕೇಳ್ತೀನಮ್ಮ. ದಾರ ಸುಳ್ಳು ಹೇಳ್ತಲ್ಲ?"

ಅವಳು ಬಾಯಿ ಒರೆಸಿದ ಬಟ್ಟೆಯನ್ನು ಮಡಿಸತೊಡಗಿದಳು.

"ಅದು ಸಿಕ್ಕ ಮೇಲೆ ಒಂದೇ ಮೆಟ್ಟಿಲು. ನಾನು ಒಂದೇ ಇಳಿದಿದ್ದು. ಆಮೇಲೆ ನೆಲ ಇರಲಿಲ್ಲ. ಮಲಗಿದಲ್ಲೇ ಎಷ್ಟು ಸಲ ಮತ್ತೆ ಇಳಿದು ನೋಡಿದ್ದೀನಿ, ಲೆಕ್ಕ ತಪ್ಪೋದಿಲ್ಲ. ಯಾರಾದ್ರೂ ನಿನ್ನ ದಾರ ಬಿಚ್ಚಿ ಮೇಲೆ ಕಟ್ಟಿದ್ರಾ? ನೀನು ಕೆಳಗೇ ನಿಂತಿದ್ದೆಯಲ್ಲ, ನೋಡಿರ್ತೀಯ."

ನೋಡಿರ್ತೀಯ. ಆ ಕಣ್ಣುಗಳು ಅವಳ ಮುಖದ ಪಕ್ಕಕ್ಕೆ, ಬರಿಯ ಗೋಡೆಯ ಕಡೆಗೆ ತಿರುಗಿದ್ದವು. ನೋಡಿದೆ ಎಂದರೆ ದಾರದ ಮೇಲಿನ ನಂಬಿಕೆ ಉಳಿಯುತ್ತಿತ್ತು, ಅವಳ ಮೇಲಿನದು ಉಳಿಯುತ್ತಿರಲಿಲ್ಲ.

"ಯಾರೂ ಕಟ್ಟಲಿಲ್ಲ ಮಾವ" ಎಂದಳು. "ನಾನು ಸುತ್ತಿದ್ದೇ. ಹಳೇದಾಗಿ ಸಡಿಲ ಬಿದ್ದಿತ್ತು. ರೇಲಿಂಗು ಒರೆಸೋವಾಗ ಯಾವಾಗಲೋ ಮೇಲಕ್ಕೆ ಸರಿದಿತ್ತು ಅನ್ಸುತ್ತೆ."

"ಸಡಿಲ?"

"ಹೂಂ. ಮೊದಲೇ ನಾನು ಬಿಗಿಯಾಗಿ ಸುತ್ತಿರಲಿಲ್ಲ."

ಅವರ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ತುದಿಯನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿತ್ತು, ಮೇಣದ ದಾರದ ಹುರಿಯನ್ನು ಪರೀಕ್ಷಿಸುವಾಗ ಮಾಡುತ್ತಿದ್ದಂತೆ.

"ನನ್ನ ಬೆರಳಿಗೆ ಬಿಗಿಯಾಗೇ ಸಿಕ್ಕಿತ್ತು" ಎಂದರು ಕೊನೆಗೆ. "ತುದಿ ಕೂಡ ಕಾಣದ ಹಾಗೆ. ಹಾಗಾದ್ರೆ ಕಣ್ಣಿನ ಹಿಂದೆ ಇವೂ ಹೋದವು ಅಂತಾಯ್ತು."

ಆ ಬೆರಳುಗಳನ್ನು ಮಡಿಸಿಕೊಂಡು ಅವರು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಬಾಲ್ಕನಿಯ ಬಿಸಿಲು ಹೊದಿಕೆಯ ಮೇಲೆ ಮೊಣಕಾಲಿನವರೆಗೆ ಏರಿತ್ತು. ಚಹಾ ಬೇಕೆಂದು ಅವರು ಕೇಳಲಿಲ್ಲ.